ಗೋಡೆಯಲ್ಲಿ ಅಕ್ಕಿ

ಸಿರಿ, ಪ್ರಣವ, ಯುಗಾದಿ ಕಳೆದಾಗಿನಿಂದ ಅಜ್ಜಿ ಒಂದು ಕಡೆ ಕೂರುತ್ತಿಲ್ಲ ಎಂಬುದು ನಿಮ್ಮ ಗಮನಕ್ಕೂ ಬಂದಿದೆ. ಬೆಳಿಗ್ಗೆ ಹಾಲನ್ನು ಒಲೆಯ ಮೇಲಿಡುತ್ತೇನೆ, ಎದುರು ಮನೆಯ ನೀರಿನ ಟ್ಯಾಂಕಿನ ಮೇಲಿಂದ ಒಂದು ಶಿಳ್ಳೆ ಕೇಳುತ್ತದೆ, ಬಾಲ್ಕನಿಗೆ ಹೋಗುತ್ತೇನೆ. ಹಾಲು ಉಕ್ಕಿದ ವಾಸನೆಗೆ ಒಳಗೆ ಓಡಿ ಬಂದು ಒಲೆ ಒರೆಸುತ್ತಿರುವಾಗ ಮತ್ತೆ ಅದೇ ಶಿಳ್ಳೆ, ಈ ಸಲ ತುದಿಯಲ್ಲಿ ಸ್ವಲ್ಪ ಎಳೆದು, ಕೇಳಿದ್ದಕ್ಕೆ ಉತ್ತರ ಬರಲಿಲ್ಲವಲ್ಲ ಎನ್ನುವ ಹಾಗೆ. ಒರೆಸುವ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಮತ್ತೆ ಹೊರಗೆ ಹೋಗುತ್ತೇನೆ. "ಯಾರಜ್ಜಿ ಅದು, ದಿನಾ ಶಿಳ್ಳೆ ಹೊಡ್ದು ನಿನ್ನ ಕರೆಯೋದು?" ಎಂದು ಪ್ರಣವ ಕೇಳಿದ್ದು, "ಅಜ್ಜಿಗೊಬ್ಬ ಫ್ರೆಂಡ್ ಸಿಕ್ಕಿದಾನೆ ಬಿಡೋ" ಎಂದು ಸಿರಿ ನಕ್ಕಿದ್ದು ಎರಡೂ ಕೇಳಿಸಿತು. ನಾನೂ ನಕ್ಕು ಒಲೆ ಒರೆಸಲು ಹೋದೆ. ಬಾಯಲ್ಲಿ ಹೇಳುವುದು ನನಗೆ ಯಾವತ್ತೂ ಕಷ್ಟ. ಯಾರಾದರೂ ಮುಖ ನೋಡುತ್ತಾ ಕಾದರೆ, ಹೇಳಬೇಕೆಂದಿದ್ದ ಮಾತು ಬಿಟ್ಟು ಬೇರೇನೋ ಹೇಳಿ ಎದ್ದುಬಿಡುತ್ತೇನೆ. ಅದಕ್ಕೇ ಸಿರಿಯ ಹಳೆಯ ನೋಟ್‌ಬುಕ್ಕಿನಲ್ಲಿ ಮಿಕ್ಕ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳ ಬರಹ. ಅಕ್ಷರ ದುಂಡಗಿದೆ ಎಂದಷ್ಟೇ ಹೇಳಬಲ್ಲೆ.

ನನ್ನ ತಂದೆಯ ಅಕ್ಕ ಜಾನಕತ್ತೆಯ ಮನೆ ಗವಿಪುರದಲ್ಲಿತ್ತು. ನನ್ನ ನಾಲ್ಕನೇ ತರಗತಿ ಮುಗಿದ ಬೇಸಿಗೆಯಲ್ಲಿ, ಅಮ್ಮ ಹೆರಿಗೆಗೆಂದು ತವರಿಗೆ ಹೋದಳು. ನನ್ನನ್ನು ಅಪ್ಪ ಬಸ್ಸು ಹತ್ತಿಸಿ ಕರೆತಂದು ಅತ್ತೆಯ ಮನೆಯಲ್ಲಿ ಬಿಟ್ಟು ಹೋದರು. ಗವಿ ದೇವಸ್ಥಾನದಿಂದ ಇಳಿಜಾರಿನಲ್ಲಿ ಕೆಳಗೆ ಬಂದರೆ ಎಡಗಡೆ ಹೆಂಚಿನ ಮನೆ. ಮುಂದೆ ನೋಡಿದರೆ ಕಿರಿದು, ಒಳಗೆ ಹೋದ ಹಾಗೆ ಉದ್ದ: ಜಗಲಿ, ನಡುಮನೆ, ಕತ್ತಲೆಯ ದೇವರ ಮನೆ, ಹೊಗೆ ಹಿಡಿದ ಅಡುಗೆಮನೆ, ಅದರಾಚೆ ಒಮ್ಮೆಗೇ ಕಣ್ಣು ಕೋರೈಸುವ ಬೆಳಕಿನ ಹಿತ್ತಲು. ಹಿತ್ತಲಲ್ಲಿ ಬಾವಿ, ಬಟ್ಟೆ ಒಗೆಯುವ ಕಲ್ಲು, ಕರಿಬೇವಿನ ಗಿಡ, ಒಂದು ನುಗ್ಗೆಮರ, ಗೋಡೆಗೆ ಅಂಟಿಕೊಂಡ ಬಚ್ಚಲುಮನೆ. ಬೆಳಗಿನ ಹೊತ್ತು ಅಲ್ಲಿ ಸೌದೆ ಬೂದಿಯ, ಸೀಗೆಪುಡಿಯ, ಒದ್ದೆ ಬಟ್ಟೆಯ ವಾಸನೆ ಒಟ್ಟಿಗೆ ಇರುತ್ತಿತ್ತು. ಈಗ ಒದ್ದೆ ಬಟ್ಟೆಯನ್ನು ಮೂಗಿಗೆ ಹಿಡಿದರೂ ಆ ವಾಸನೆ ಬರುವುದಿಲ್ಲ. ಹಿಡಿದು ನೋಡಿದ್ದೇನೆ.

ಆ ಮನೆಯಲ್ಲಿ ಮೂವರೇ. ಅತ್ತೆ, ಅತ್ತೆಯ ಗಂಡ ಅಂದರೆ ನನ್ನ ಮಾವ, ಮಾವನ ತಾಯಿ. ಮಾವನಿಗೆ ಚಾಮರಾಜಪೇಟೆಯ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ. ಅಚ್ಚಾಗುವ ಮೊದಲು ತಪ್ಪು ಹಿಡಿಯುವುದೇ ಅವರ ಹೊಟ್ಟೆಪಾಡು, ಮನೆಗೆ ಬಂದ ಮೇಲೂ ಅವರ ಕಿವಿ ಸುಮ್ಮನಿರುತ್ತಿರಲಿಲ್ಲ. ನಮ್ಮೂರ ಶಾಲೆಯಲ್ಲಿ ಯಾರ ಬಾಯಲ್ಲೂ ‘ಹ’ ಇರಲಿಲ್ಲ. ಹೂವು ‘ಊವ’, ಹಾಲು ‘ಆಲು’. ಬಂದ ಮೊದಲ ಸಂಜೆಯೇ "ಅತ್ತೆ, ನಂಗೆ ಆಲು ಬ್ಯಾಡ" ಎಂದೆ. "ಆಲು ಯಾರೂ ಕೊಡ್ತಿಲ್ಲ ಕಣಮ್ಮ. ಹಾಲು ಕೊಡ್ತಿದಾರೆ, ಕುಡಿ" ಎಂದರು ಮಾವ. ಅವರ ಮನಸ್ಸಿನಲ್ಲಿ ಕೊಂಕಿರಲಿಲ್ಲ. ಆದರೆ ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿ ನಕ್ಕದ್ದನ್ನು ಕಂಡು ನಾನು ಅಂದಿನಿಂದ ಬಾಯಿ ಮುಚ್ಚಿದೆ. ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದೆ, ಬೇಕಾದ್ದನ್ನು ಬೆರಳಲ್ಲಿ ತೋರಿಸುತ್ತಿದ್ದೆ. ವಾರದೊಳಗೆ ನನಗೆ ‘ಮೌನಗೌರಿ’ ಎಂದು ಹೆಸರಾಯಿತು.

ಮಾವನ ತಾಯಿಯನ್ನು ಬೀದಿಯವರೆಲ್ಲ ‘ಮಡಿ ಅಜ್ಜಿ’ ಎನ್ನುತ್ತಿದ್ದರು. ಇಪ್ಪತ್ತಕ್ಕೂ ಮೊದಲೇ ಗಂಡನನ್ನು ಕಳೆದುಕೊಂಡವರು. ಅಂಚಿಲ್ಲದ ಕೆಂಪು ಸೀರೆ, ತಲೆಯ ಮೇಲೆ ಸೆರಗು. ಬೆಳಿಗ್ಗೆ ಬಾವಿಯ ಬಳಿ ತಣ್ಣೀರು ಸ್ನಾನ ಮಾಡಿ, ಮಡಿ ಸೀರೆ ಉಟ್ಟು ಪೂಜೆಗೆ ಕೂತರೆ ಮಧ್ಯಾಹ್ನದ ಊಟ ಮುಗಿಯುವವರೆಗೆ ಅವರನ್ನು ಯಾರೂ ಮುಟ್ಟುವಂತಿಲ್ಲ. ಮರುದಿನದ ಸೀರೆಯನ್ನು ತಾವೇ ಹಿಂಡಿ, ಬಚ್ಚಲುಮನೆಯ ಸೂರಿಗೆ ತೂಗುಹಾಕಿದ ಬಿದಿರಿನ ಗಳುವಿನ ಮೇಲೆ ಕೋಲಿನಿಂದ ಹರವುತ್ತಿದ್ದರು. ಆ ಸೀರೆಗೆ ಯಾರ ಮೈ ಸೋಕಿದರೂ ಅದು ಮೈಲಿಗೆ, ಮತ್ತೆ ಒಗೆಯಬೇಕು. ಯಾರಾದರೂ ಮರೆತು ಅಜ್ಜಿಯನ್ನೇ ಮುಟ್ಟಿಬಿಟ್ಟರೆ ಅವರು ಬಯ್ಯುತ್ತಿರಲಿಲ್ಲ. ಒಂದು ಮಾತಾಡದೆ ಬಾವಿಗೆ ನಡೆದು ಎರಡು ಕೊಡ ನೀರು ತಲೆಯ ಮೇಲೆ ಸುರಿದುಕೊಂಡರೆ ಎಲ್ಲ ಸರಿಹೋಗುತ್ತಿತ್ತು. ನೀರು ಸುರಿದರೆ ಸರಿಹೋಗುತ್ತದೆ ಎಂಬುದನ್ನು ನಾನು ಕಲಿತದ್ದು ಅಲ್ಲಿ. "ಮುಟ್ಬೇಡ, ಮಡಿ!" ಎಂಬ ಕೂಗು ಕೇಳಿದರೆ ಮಾವ ಕೂಡ ಎತ್ತಿದ ಹೆಜ್ಜೆಯನ್ನು ಹಾಗೇ ನಿಲ್ಲಿಸುತ್ತಿದ್ದರು. ಮಾತಾಡದ, ಓಡಾಡದ ನನಗೆ ತಕ್ಕ ಕೆಲಸವೆಂದು ಆ ಸೀರೆ ಕಾಯುವುದನ್ನು ನನಗೇ ಕೊಟ್ಟರು.

ಹಾಗೆ ದಿನವೂ ಹಿತ್ತಲಲ್ಲಿ ಅಲುಗದೆ ನಿಂತಿದ್ದಕ್ಕೇ ಅಲ್ಲಿ ಗೂಡು ಕಟ್ಟಿದ ಜೋಡಿ ಹಕ್ಕಿಗಳು ನನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂದು ಕಾಣುತ್ತದೆ. ಬಚ್ಚಲುಮನೆಯ ಗೋಡೆಯಲ್ಲಿ ಹಿಂದೆಂದೋ ತೊಲೆಯ ತುದಿ ಕೂತಿದ್ದ ಜಾಗ ಖಾಲಿಯಾಗಿ ಅಂಗೈಯಗಲದ ತೂತಾಗಿತ್ತು. ಅದರೊಳಕ್ಕೆ ಒಂದು ಬೂದುಬಣ್ಣದ ಹಕ್ಕಿ ಹುಲ್ಲಿನೆಸಳು, ಬೇರು, ಒಮ್ಮೆ ಮಾವನ ಹಳೆಯ ಜನಿವಾರದ ಎಳೆಯನ್ನೂ ಹೊತ್ತು ಹೋಯಿತು. ಗಂಡು ಹಕ್ಕಿ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ನುಗ್ಗೆಮರದ ತುದಿಯಲ್ಲಿ ಕೂತು ಬಾಲವನ್ನು ನೆಟ್ಟಗೆತ್ತಿ ಹಾಡುತ್ತಿತ್ತು, ಈಗ ಎದುರು ಮನೆಯ ಟ್ಯಾಂಕಿನ ಮೇಲಿಂದ ಕೇಳುವ ಅದೇ ಶಿಳ್ಳೆ. ದೂರದಿಂದ ಕಪ್ಪು, ಬಿಸಿಲು ಬಿದ್ದರೆ ಆ ಕಪ್ಪಿನಲ್ಲಿ ಮಿಂಚುವ ನೀಲಿ, ಹೊಟ್ಟೆ ಬಿಳಿ, ರೆಕ್ಕೆಯ ಮೇಲೆ ಮಡಿಸಿ ಹಾಕಿಕೊಂಡ ಉತ್ತರೀಯದಂತೆ ಒಂದು ಬಿಳಿಯ ಪಟ್ಟಿ. ಕೆಲವು ದಿನ ಹೆಣ್ಣು ಹಕ್ಕಿ ಒಳಗೇ ಇತ್ತು. ಆಮೇಲೆ ಎರಡೂ ಹುಳು ಹಿಡಿದು ಬಾವಿಕಟ್ಟೆಗೂ ತೂತಿಗೂ ಬಿಡುವಿಲ್ಲದೆ ಓಡಾಡತೊಡಗಿದವು. ಒಗೆಯುವ ಕಲ್ಲಿನ ಮೇಲೆ ಹತ್ತಿ ಹಿಮ್ಮಡಿ ಎತ್ತಿ ಇಣುಕಿದೆ. ಕತ್ತಲೆಯಲ್ಲಿ ಹಳದಿ ಅಂಚಿನ ನಾಲ್ಕು ಬಾಯಿ ಒಟ್ಟಿಗೆ ತೆರೆದವು.

ಅದರ ಹೆಸರನ್ನು ಹೇಳಿದ್ದು ಮಾವ. ಒಂದು ಸಂಜೆ ಹಿತ್ತಲಲ್ಲಿ ಕಾಲು ತೊಳೆಯುತ್ತಾ ನಿಂತವರು ನುಗ್ಗೆಮರದ ಕಡೆ ತಲೆಯೆತ್ತಿ, "ಅದು ಮಡಿವಾಳ ಹಕ್ಕಿ. ಬೇಸಿಗೆ ಬಂದ್ರೆ ಹಾಡಿದ್ದೇ ಹಾಡಿದ್ದು" ಎಂದು ಒಳಗೆ ಹೋದರು. ನಮ್ಮೂರಲ್ಲಿ ಬಟ್ಟೆ ಒಗೆಯುವವನಿಗೆ ಅಗಸರ ಚಿಕ್ಕಣ್ಣ ಎನ್ನುತ್ತಿದ್ದೆವು. ಮಡಿವಾಳ ಎಂಬ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮಡಿ ಎಂದರೇನು ಎನ್ನುವುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಓಹೋ, ಇದು ಮಡಿಯಲ್ಲಿರುವ ಹಕ್ಕಿ ಎಂದುಕೊಂಡೆ. ಯೋಚಿಸಿದಷ್ಟೂ ಸರಿಯೆನಿಸಿತು. ಅದೂ ಬೆಳಗಾಗುತ್ತಲೇ ಬಾವಿಕಟ್ಟೆಯ ಗುಂಡಿಯಲ್ಲಿ ಸ್ನಾನ ಮಾಡುತ್ತಿತ್ತು. ಅದೂ ಯಾರಾದರೂ ಹತ್ತಿರ ಬಂದರೆ ದೂರ ಜಿಗಿಯುತ್ತಿತ್ತು.

ಇಷ್ಟು ಬರೆದು, ಶಿಳ್ಳೆ ಕೇಳಿತೆಂದು ಬಾಲ್ಕನಿಗೆ ಎದ್ದು ಹೋಗಿ ಬಂದೆ. ಏನೂ ಇರಲಿಲ್ಲ, ಕೆಳಗೆ ಯಾರದೋ ಗಾಡಿ ಹಿಂದಕ್ಕೆ ಬರುತ್ತಿತ್ತು.

ಸಂತೋಷವನ್ನು ಒಬ್ಬಳೇ ಇಟ್ಟುಕೊಳ್ಳಲಾಗದೆ ಒಂದು ಸೋಮವಾರ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. "ಅತ್ತೆ, ಬಚ್ಚಲು ಗೋಡೇಲಿ ಅಕ್ಕಿ ಅವೆ" ಎಂದೆ. ಹಕ್ಕಿ ಎಂದೇ ಹೇಳಿದೆನೆಂದು ನಾನು ತಿಳಿದಿದ್ದೆ.

ಅತ್ತೆ ತಲೆಯೆತ್ತಿದರು. "ಗೋಡೇಲಿ ಅಕ್ಕೀನಾ? ಎಷ್ಟಿದೆಯೇ?"

"ನಾಕು."

"ನಾಲ್ಕು ಕಾಳಾ? ನಾಲ್ಕಾದ್ರೇನು ನಲವತ್ತಾದ್ರೇನು, ಇಲಿ ಹೊತ್ಕೊಂಡು ಹೋಗ್ತಿದೆ ಅಂತಾಯ್ತು!"

ದೇವರ ಮನೆಯಿಂದ ಮಡಿ ಅಜ್ಜಿಯ ದನಿ ಬಂತು. "ಇಲಿ ಬಂದ್ಮೇಲೆ ಹಿಂದೇನೇ ಹಾವು ಬರಲ್ವೇನೇ ಜಾನಕಿ? ಗಾರೆ ಮುನಿಯಪ್ಪಂಗೆ ಹೇಳಿ ಕಳ್ಸು, ಬಂದು ತೂತು ಮುಚ್ಲಿ." ಮುನಿಯಪ್ಪ ತ್ಯಾಗರಾಜನಗರದಲ್ಲಿ ಯಾರದೋ ಮನೆಯ ಕೆಲಸದಲ್ಲಿದ್ದಾನೆ, ಶುಕ್ರವಾರ ಬರುತ್ತಾನೆ ಎಂದು ಮಧ್ಯಾಹ್ನದೊಳಗೆ ಗೊತ್ತಾಯಿತು. ನಾನು ಬಾಯಿ ತೆರೆದೆ. "ಇಲಿ ಅಲ್ಲ, ಅಕ್ಕಿ" ಎಂದೆ. "ಗೊತ್ತಾಯ್ತು ಕಣೇ, ಅಕ್ಕಿ" ಎಂದರು ಅತ್ತೆ. ಸಂಜೆ ಮಾವನಿಗೂ ಸುದ್ದಿ ಮುಟ್ಟಿತು. ಅವರು ನನ್ನ ಕಡೆ ನೋಡಿ, "ಅದೊಂದು ಮಾತು ನಿನ್ನ ಬಾಯಲ್ಲಿ ಸ್ವಚ್ಛವಾಗಿ ಬರುತ್ತೆ ನೋಡು. ಅಕ್ಕಿಪೇಟೆ ಅಂಗಡಿಯೋರು ನಿನ್ನ ಎತ್ಕೊಂಡು ಹೋಗ್ತಾರೆ" ಎಂದು ತಮಾಷೆ ಮಾಡಿದರು. ಎಲ್ಲರೂ ನಕ್ಕರು.

ಸೋಮವಾರದಿಂದ ಶುಕ್ರವಾರ ಎಷ್ಟು ದೂರ ಎಂದು ಆ ವಾರ ನಾನು ಬೆರಳು ಮಡಿಸಿ ಮಡಿಸಿ ಎಣಿಸಿದೆ. ಮರಿಗಳ ಮೈ ಇನ್ನೂ ಕೆಂಪಗೆ ಬರಿದಾಗಿತ್ತು, ರೆಕ್ಕೆಯ ಜಾಗದಲ್ಲಿ ಮುಳ್ಳಿನಂಥ ಮೊಳಕೆ. ಶುಕ್ರವಾರಕ್ಕೆ ಅವು ಹಾರುವುದಿಲ್ಲ ಎನ್ನುವುದು ನನ್ನಂಥವಳಿಗೂ ಗೊತ್ತಾಗುತ್ತಿತ್ತು. ಯಾರೂ ಇಲ್ಲದ ಹೊತ್ತಿನಲ್ಲಿ ಬಾವಿಕಟ್ಟೆಗೆ ಹೋಗಿ ಒಳಗೆ ಬಗ್ಗಿ ‘ಹ’ ಎನ್ನುತ್ತಿದ್ದೆ. ಹ. ಹಕ್ಕಿ. ಬಾವಿಯೂ ಹಕ್ಕಿ ಎಂದು ತಿರುಗಿ ಹೇಳುತ್ತಿತ್ತು. ಆ ಮಾತನ್ನು ಚೆಲ್ಲದ ಹಾಗೆ ಬಾಯಲ್ಲಿ ಹಿಡಿದುಕೊಂಡು ಅಡುಗೆಮನೆಯವರೆಗೆ ನಡೆಯುತ್ತಿದ್ದೆ. ಅತ್ತೆ "ಏನೇ ಮೌನಗೌರಿ?" ಎನ್ನುತ್ತಲೇ ಎಲ್ಲ ಒಣಗಿಹೋಗುತ್ತಿತ್ತು. ಬೆರಳಲ್ಲಿ ಬಚ್ಚಲ ಗೋಡೆ ತೋರಿಸಿದರೆ "ಶುಕ್ರವಾರ ಮುಚ್ತಾನೆ ಕಣೇ" ಎನ್ನುತ್ತಿದ್ದರು. ಊಟ ಸೇರುತ್ತಿರಲಿಲ್ಲ. ಕೂತರೆ ಏಳಬೇಕು, ಎದ್ದರೆ ಹಿತ್ತಲಿಗೆ ಹೋಗಬೇಕು, ಹೋದರೆ ಆ ತಾಯಿಹಕ್ಕಿ ಹುಳು ಕಚ್ಚಿಕೊಂಡು ನನ್ನ ಪಕ್ಕದಲ್ಲೇ ಹಾದು ಹೋಗುವುದನ್ನು ನೋಡಬೇಕು.

ಬುಧವಾರ ಮಧ್ಯಾಹ್ನ ಒಂದು ಮರಿ ಕೆಳಗೆ ಬಿತ್ತು. ಕಲ್ಲಿನ ಪಕ್ಕದ ಒದ್ದೆ ಮಣ್ಣಿನ ಮೇಲೆ, ಬಾಯಿ ತೆರೆದುಕೊಂಡು, ಕುತ್ತಿಗೆ ಎತ್ತಲು ನೋಡುತ್ತಿತ್ತು. ಯೋಚಿಸದೆ ಎತ್ತಿಕೊಂಡೆ. ಅಂಗೈಯಲ್ಲಿ ಅದರ ಎದೆಬಡಿತ ನನ್ನದಕ್ಕಿಂತ ಬೇಗ ಬೇಗ ಹೊಡೆಯುತ್ತಿತ್ತು, ಮೈ ಬಿಸಿಯಾಗಿತ್ತು. ಕಲ್ಲು ಹತ್ತಿ ಗೂಡಿಗೆ ಕೈ ಚಾಚಿದ ಮೇಲೆ ನೆನಪಾಯಿತು. ನಾನು ಮುಟ್ಟಿದ್ದೇನೆ. ಮಡಿಯ ಹಕ್ಕಿ, ಮೈಲಿಗೆಯಾದ ಮರಿಯನ್ನು ತಾಯಿ ಸೇರಿಸುವುದಿಲ್ಲ, ಇದರಿಂದ ಉಳಿದವಕ್ಕೂ ಮೈಲಿಗೆ. ಆಗ ನಾನು ಏನು ಮಾಡಿದೆನೆಂದರೆ, ಆ ಮನೆಯಲ್ಲಿ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದೆ. ಕೆಳಗಿಳಿದು, ಬಾವಿಯಿಂದ ಸೇದಿಟ್ಟ ಕೊಡದ ತಣ್ಣೀರನ್ನು ಚೊಂಬಿನಲ್ಲಿ ತೆಗೆದು ಅದರ ತಲೆಯ ಮೇಲಿಂದ ನಿಧಾನವಾಗಿ ಸುರಿದೆ. ಅಜ್ಜಿ ಎರಡು ಸಲ ಸುರಿದುಕೊಳ್ಳುತ್ತಿದ್ದರಲ್ಲ, ನಾನೂ ಎರಡು ಸಲ ಸುರಿದೆ. ಬಟ್ಟೆಯಿಂದ ಒರೆಸಿದರೆ ಮತ್ತೆ ಮೈಲಿಗೆಯೆಂದು ಒರೆಸಲಿಲ್ಲ. ಬಾಳೆಎಲೆಯ ತುಂಡಿನಲ್ಲಿ, ಕೈ ಸೋಕದ ಹಾಗೆ, ಎತ್ತಿ ಗೂಡಿನೊಳಗೆ ಜಾರಿಸಿದೆ. ಅದು ನಡುಗುತ್ತಿತ್ತು. ಸ್ವಲ್ಪ ಹೊತ್ತಿಗೆ ತಾಯಿಹಕ್ಕಿ ಬಂದು ತಡೆಯಿಲ್ಲದೆ ಒಳಗೆ ಹೋದಾಗ ನನಗಾದ ಹಿಗ್ಗು ಹೇಳತೀರದು. ಅಂದು ರಾತ್ರಿಯ ಊಟವನ್ನು ಎರಡು ಸಲ ಬಡಿಸಿಕೊಂಡು ಉಂಡೆ.

ಗುರುವಾರ ಬೆಳಿಗ್ಗೆ ಅದು ಮತ್ತೆ ಕೆಳಗೆ ಬಿದ್ದಿತ್ತು. ಈ ಸಲ ತಣ್ಣಗಿತ್ತು. ನಾನು ಮಡಿ ಮಾಡಿದ್ದು ಸಾಲಲಿಲ್ಲ, ಇನ್ನೊಂದು ಚೊಂಬು ಸುರಿಯಬೇಕಿತ್ತು ಎಂದೇ ನಾನು ತಿಳಿದದ್ದು. ಕರಿಬೇವಿನ ಬುಡದಲ್ಲಿ ಕೈಯಿಂದ ಮಣ್ಣು ತೋಡಿ ಮುಚ್ಚಿದೆ. ಯಾರಿಗೂ ಹೇಳಲಿಲ್ಲ.

ಶುಕ್ರವಾರ ಎಂಟು ಗಂಟೆಗೇ ಮುನಿಯಪ್ಪ ಬಂದ. ಬಾಣಲೆಯಲ್ಲಿ ಗಾರೆ ಕಲಸಿಕೊಂಡು, ಇಟ್ಟಿಗೆಯ ಎರಡು ಚೂರು ಆರಿಸಿ, ಕರಣೆ ಹಿಡಿದು ಒಗೆಯುವ ಕಲ್ಲು ಹತ್ತಿದ. ಗಂಡು ಹಕ್ಕಿ ನುಗ್ಗೆಮರದಿಂದ ಕರ್ಕಶವಾಗಿ ಕೂಗಿಕೊಳ್ಳುತ್ತಿತ್ತು. "ಯಾಕಪ್ಪಾ ಬಯ್ತೀಯ, ನಿನ್ನ ಗಂಟೇನೂ ತಿಂದಿಲ್ಲ" ಎನ್ನುತ್ತಾ ಅವನು ಒಂದು ಚೂರನ್ನು ತೂತಿನ ಬಾಯಿಗೆ ಹಿಡಿದು ಅಳತೆ ನೋಡಿದ. ಹಕ್ಕಿ ಎಂಬ ಮಾತಿಗಾಗಿ ನಾನು ಬಾಯಲ್ಲೆಲ್ಲ ಹುಡುಕಿದೆ. ಸಿಗಲಿಲ್ಲ. ಸಿಕ್ಕಿದ್ದು ಆ ಮನೆಯಲ್ಲಿ ಎಲ್ಲರನ್ನೂ ನಿಲ್ಲಿಸುತ್ತಿದ್ದ ಮಾತು. ಬೀದಿಯವರೆಗೆ ಕೇಳುವ ಹಾಗೆ ಕಿರುಚಿದೆ:

"ಮುಟ್ಬ್ಯಾಡಿ! ಮಡಿ!"

ಮುನಿಯಪ್ಪ ಕಲ್ಲಿನಿಂದ ಹಿಂದಕ್ಕೆ ಜಿಗಿದ. ಗಾರೆ ಅವನ ಪಾದದ ಮೇಲೆ ಚೆಲ್ಲಿತು. ಮಾವ ಅರ್ಧ ಕೆನ್ನೆಗೆ ಸಾಬೂನಿನ ನೊರೆ ಹಚ್ಚಿಕೊಂಡೇ ಓಡಿ ಬಂದರು, ಅತ್ತೆ ಸೌಟು ಹಿಡಿದು ಬಂದರು, ದೇವರ ಮನೆಯಿಂದ ಅಜ್ಜಿ ಸೆರಗು ಸರಿಪಡಿಸಿಕೊಳ್ಳುತ್ತಾ ಬಂದರು.

"ಯಾರೇ ಅದು ಮಡಿ? ಮಡಿಯಲ್ಲಿರೋಳು ನಾನು, ಇಲ್ಲಿದೀನಲ್ಲ!"

"ಗೋಡೇಲಿರೋ ಅಕ್ಕಿ" ಎಂದೆ.

"ಅಕ್ಕಿಗ್ಯಾವ ಮಡಿಯೇ ತಾಯಿ?"

ಅಷ್ಟರಲ್ಲಿ ಹೆಣ್ಣು ಹಕ್ಕಿ ಕೊಕ್ಕಿನಲ್ಲಿ ಹುಳುವಿಟ್ಟುಕೊಂಡು ಬಂದು ಗಳುವಿನ ಮೇಲೆ ಕೂತಿತು. ಒಳಗಿಂದ ಚೀರುವ ಸದ್ದು ಕೇಳಿತು. ಎಲ್ಲಕ್ಕಿಂತ ಮೊದಲು ಅರ್ಥವಾಗಿದ್ದು ಮಾವನಿಗೆ. ಅವರು ಹಣೆ ಚಚ್ಚಿಕೊಂಡರು. "ಅಮ್ಮಾ, ಅಕ್ಕಿ ಅಲ್ಲ, ಹಕ್ಕಿ! ಸೋಮವಾರದಿಂದ ಈ ಮಗು ಹಕ್ಕಿ ಅಂತಿದೆ. ಮಡಿವಾಳ ಹಕ್ಕಿ ಅಂತ ನಾನೇ ಹೇಳ್ಕೊಟ್ಟೆ. ಇವಳು ಮಡಿ ಅಂದ್ಕೊಂಡಿದಾಳೆ." ನನ್ನ ಕಡೆ ತಿರುಗಿ, "ಮಡಿವಾಳ ಅಂದ್ರೆ ಅಗಸ ಕಣೇ ಪುಟ್ಟಿ. ಬಟ್ಟೆ ಒಗೆಯೋನು. ಅದಕ್ಕೆ ಮಡಿಯೂ ಇಲ್ಲ ಮೈಲಿಗೆಯೂ ಇಲ್ಲ" ಎಂದರು. ಅಜ್ಜಿ ಅಷ್ಟು ನಕ್ಕದ್ದನ್ನು ಅತ್ತೆ ಕೂಡ ನೋಡಿರಲಿಲ್ಲವಂತೆ. "ನನ್ನ ಜೊತೆ ಮಡಿ ಮಾಡೋಕೆ ಒಂದು ಸಂಸಾರಾನೇ ಇದೆ ಅಂತಾಯ್ತು! ಮುನಿಯಪ್ಪಾ, ಹೋಗ್ಬಾ. ಬಾಣಂತನ ಮುಗೀಲಿ, ಆಮೇಲೆ ನೋಡೋಣ." ಮುನಿಯಪ್ಪನೂ ಕಾಲು ತೊಳೆದುಕೊಳ್ಳುತ್ತಾ ನಕ್ಕ. ಅಜ್ಜಿ ಕಣ್ಣೊರೆಸಿಕೊಂಡು, "ಎಷ್ಟಿವೆಯೇ ಮರಿ?" ಎಂದು ಕೇಳಿದರು.

"ಮೂರು" ಎಂದೆ.

ಅದಕ್ಕೆ ಮಡಿಯೂ ಇಲ್ಲ ಮೈಲಿಗೆಯೂ ಇಲ್ಲ. ಹಾಗಾದರೆ ಬುಧವಾರ ನನ್ನ ಅಂಗೈಯಲ್ಲಿ ಬಿಸಿಯಾಗಿದ್ದ ಆ ಮರಿಯನ್ನು ಹಾಗೇ ಗೂಡಿಗೆ ಇಟ್ಟಿದ್ದರೆ ಸಾಕಾಗಿತ್ತು. ಅವರೆಲ್ಲ ನಗುತ್ತಿರುವಾಗ ನನಗೆ ತಿಳಿದದ್ದು ಅದು. ಅತ್ತುಬಿಟ್ಟೆ. ತಾವು ನಕ್ಕಿದ್ದಕ್ಕೆ ನಾಚಿ ಅಳುತ್ತಿದ್ದಾಳೆಂದು ಎಲ್ಲರೂ ತಿಳಿದರು. ಮಡಿ ಅಜ್ಜಿ ಮಡಿಯಲ್ಲಿರುವುದನ್ನೂ ಮರೆತು ನನ್ನನ್ನು ಬರಸೆಳೆದು ಹೊಟ್ಟೆಗೆ ಒತ್ತಿಕೊಂಡರು. "ಅಳಬೇಡ್ವೇ, ನೀನು ಕೂಗಿದ್ದಕ್ಕೆ ಅವು ಉಳ್ಕೊಂಡ್ವಲ್ಲ" ಎಂದರು. ಆಮೇಲೆ ನೆನಪಾಗಿ ಬಾವಿಗೆ ಹೋದರು. ಎರಡು ಕೊಡ ಸುರಿದುಕೊಂಡು, ಒದ್ದೆ ಸೀರೆ ಮೈಗಂಟಿ, ಬಡಕಲು ಭುಜ ನಡುಗುತ್ತಾ ನಿಂತಿದ್ದ ಅವರನ್ನು ನನ್ನಿಂದ ನೋಡಲಾಗಲಿಲ್ಲ. ಬೀದಿ ಬಾಗಿಲಿಗೆ ಓಡಿದೆ.

ಮೂರೂ ಹಾರಿದವು, ಮಕ್ಕಳೇ. ಎರಡು ಒಂದೇ ಬೆಳಿಗ್ಗೆ, ಇನ್ನೊಂದು ಮರುದಿನ. ಆ ತೂತನ್ನು ಯಾರೂ ಮುಚ್ಚಿಸಲಿಲ್ಲ. ನಾನು ಊರಿಗೆ ಹೋಗುವಷ್ಟರಲ್ಲಿ ಹೂವು ಹೂವಾಗಿತ್ತು, ಹಾಲು ಹಾಲಾಗಿತ್ತು; ಮಾವ ಮೆಚ್ಚಿ ಒಂದು ಪೆನ್ನು ಕೊಟ್ಟರು. ಅಜ್ಜಿ ಹೋದರು, ಎಷ್ಟೋ ವರ್ಷದ ಮೇಲೆ ಮಾವ, ಅವರ ಹಿಂದೆಯೇ ಅತ್ತೆ. ಮನೆ ಕೈಬದಲಾಯಿತು. ಈಗ ಅಲ್ಲಿ ನಾಲ್ಕು ಮಹಡಿ ಎದ್ದಿದೆ, ಬಾವಿ ಇದ್ದ ಕಡೆ ಕಾರು ನಿಲ್ಲಿಸುತ್ತಾರೆ. ಹೋದ ವರ್ಷ ನಿಮ್ಮಪ್ಪನ ಜೊತೆ ಆ ದಾರಿಯಲ್ಲಿ ಹೋದಾಗ ನಾನು ತಲೆ ತಗ್ಗಿಸಿ ಕೂತಿದ್ದೆ.

ಕತೆ ಮಾತ್ರ ಹೋಗಲಿಲ್ಲ. ನನ್ನ ಮದುವೆಯಲ್ಲಿ ಮಾವ ಅದನ್ನು ಬೀಗರ ಪಂಕ್ತಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದರು. ಅಲ್ಲಿಂದ ಅದು ನಿಮ್ಮ ತಾತನ ಕತೆಯಾಯಿತು. ಮನೆಗೆ ಯಾರು ಬಂದರೂ "ಮುಟ್ಬ್ಯಾಡಿ, ಮಡಿ!" ಎಂದು ನನ್ನ ದನಿ ಮಾಡಿ ತೋರಿಸುತ್ತಿದ್ದರು. ನಾನು ಕಾಫಿ ಲೋಟ ಹಿಡಿದು ನಿಂತು ನಗುತ್ತಿದ್ದೆ. ಅವರು ಹಾಸಿಗೆ ಹಿಡಿದ ಕೊನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ತಾವಾಗಿಯೇ ಅದನ್ನು ಶುರುಮಾಡಿ, "ಮೂರು ಮರಿ ಅಲ್ವೇನೇ?" ಎಂದು ಕೇಳಿದರು. ನಾಲ್ಕು ಎನ್ನಬೇಕೆಂದು ಬಾಯಿ ತೆರೆದೆ. ಬಹಳ ದಿನಗಳ ಮೇಲೆ ಅವರ ಮುಖದಲ್ಲಿ ನಗು ಕಂಡಿತ್ತು. ಹೌದು, ಮೂರು ಎಂದೆ.

ಈಗ ನಿಮ್ಮಪ್ಪ ಹೇಳುತ್ತಾನೆ. ಮುಂದೆ ನೀವು ಹೇಳುತ್ತೀರಿ. ನಗಿಸಿ, ಬೇಡವೆನ್ನುವುದಿಲ್ಲ, ಆ ಮನೆಯವರು ನಕ್ಕದ್ದೂ ನಿಜವೇ. ಆದರೆ ಎಷ್ಟು ಮರಿ ಎಂದು ಯಾರಾದರೂ ಕೇಳಿದರೆ ನಿಮ್ಮ ಅಜ್ಜಿಯ ಹಾಗೆ ಹೇಳಬೇಡಿ. ಈ ಹಾಳೆಗಳನ್ನು ಮಡಚದೆ, ನೆನೆಯದ ಕಡೆ, ಜೋಪಾನವಾಗಿ ಇಡಿ. ಅವು ನಾಲ್ಕಿದ್ದವು ಎಂದು ಬರೆದಿರುವುದು ಇಲ್ಲಿ ಮಾತ್ರ.